ಎಂಟನೇ ಒಂದು ಪಾಲು

ಕಂಪ್ಯೂಟರ್ ಪ್ರೋಗ್ರಾಮಿಂಗ್ ಎಂಬುದು ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ, ಗಣಿತದಲ್ಲಿ ನೂರಕ್ಕೆ ನೂರು ಪಡೆದವರಿಗೆ ಮಾತ್ರ ಒಲಿಯುವ ವಿದ್ಯೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಕರಾವಳಿಯ ಸಣ್ಣ ಕಾಲೇಜೊಂದರಲ್ಲಿ ಬಿಸಿಎಗೆ ಸೇರಿದ ನಮ್ಮನ್ನು, ಅಂದರೆ ಮೂವರು ಗೆಳತಿಯರನ್ನು, ಹಲವರು ಹಾಗೆಂದೇ ಎಚ್ಚರಿಸಿದ್ದರು. ಆದರೆ ನಾವು ಕಲಿತ ಸಿ ಭಾಷೆಯಲ್ಲಿ ಕಲಿಯಬೇಕಾಗಿದ್ದ ಮೀಸಲು ಪದಗಳು ಕೇವಲ 32. ಡೆನಿಸ್ ರಿಚಿ 1972ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಈ ಭಾಷೆಯ ಪದಗಳನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ಕಷ್ಟವಿದ್ದದ್ದು ಪದಗಳಲ್ಲಲ್ಲ. ನಾವು ಯೋಚಿಸದೆಯೇ ಮಾಡಿಬಿಡುವ ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ಹೇಳುವುದರಲ್ಲಿ.

ನಮ್ಮ ಉಪನ್ಯಾಸಕರು ಮೊದಲ ಎರಡು ವಾರ ಕೀಲಿಮಣೆ ಮುಟ್ಟಲು ಬಿಡಲಿಲ್ಲ. ಹತ್ತು ಚೀಟಿಗಳಲ್ಲಿ ಹತ್ತು ಸಂಖ್ಯೆ ಬರೆದು ಮೇಜಿನ ಮೇಲೆ ಬೋರಲು ಹಾಕಿದರು. ಒಮ್ಮೆಗೆ ಒಂದೇ ಚೀಟಿ ತಿರುಗಿಸಿ ನೋಡಿ ಅತಿ ದೊಡ್ಡ ಸಂಖ್ಯೆಯನ್ನು ಹುಡುಕಬೇಕು. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕಣ್ಣು ಕ್ಷಣದಲ್ಲಿ ಹೇಳಿಬಿಡುತ್ತದೆ. ಒಂದೊಂದಾಗಿ ನೋಡುವಾಗ ಇದುವರೆಗಿನ ದೊಡ್ಡದನ್ನು ನೆನಪಿಟ್ಟು ಹೊಸದರೊಂದಿಗೆ ಹೋಲಿಸುತ್ತಾ ಹೋಗಬೇಕು. "ಈಗ ನೀವು ಮಾಡಿದ್ದೇ ಆಲ್ಗಾರಿದಮ್" ಎಂದರು ಅವರು. "ಮೊದಲು ಕನ್ನಡದಲ್ಲಿ ಬರೆಯಿರಿ. ಆಮೇಲೆ ಸಿ."

ಆಲ್ಗಾರಿದಮ್ ಎಂಬ ಪದದ ಮೂಲವನ್ನೂ ಅವರೇ ಹೇಳಿದರು. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಬೈತುಲ್ ಹಿಕ್ಮಾದಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿಯ ಹೆಸರೇ ಲ್ಯಾಟಿನ್ ಬಾಯಲ್ಲಿ 'ಅಲ್ಗೊರಿತ್ಮಿ' ಆಯಿತು. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಬಗ್ಗೆ ಆತ ಬರೆದ ಕೃತಿ ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋಯಿತು. ಅದೇ ಒಂಬತ್ತನೇ ಶತಮಾನದಲ್ಲಿ ನಮ್ಮ ನಾಡಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ. ಭಿನ್ನರಾಶಿಗಳ ಲೆಕ್ಕವನ್ನು ಆತ ಅದರಲ್ಲಿ ವಿಸ್ತಾರವಾಗಿ ಬಿಡಿಸಿದ್ದಾನೆ.

ಅಲ್ ಖ್ವಾರಿಝ್ಮಿಯ ಬೀಜಗಣಿತ ಗ್ರಂಥದ ಒಂದು ದೊಡ್ಡ ಭಾಗ ಉಯಿಲು ಮತ್ತು ವಾರಸು ಹಂಚಿಕೆಯ ಲೆಕ್ಕಗಳಿಗೇ ಮೀಸಲು ಎಂದು ಕೇಳಿದಾಗ ನಮಗೆ ಕುತೂಹಲ ಹುಟ್ಟಿತು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿ ಬರುವ ಪಾಲುಗಳನ್ನು ಮದ್ರಸದಲ್ಲಿ ಕಲಿತಿದ್ದೆವು. ಸೆಮಿಸ್ಟರಿನ ಕಿರು ಪ್ರಾಜೆಕ್ಟಿಗೆ ಅದನ್ನೇ ಆರಿಸಿಕೊಂಡೆವು.

ಮೊದಲು ಒಂದು ಸರಳ ಪ್ರಕರಣ: ತೀರಿಕೊಂಡವನ ತಂದೆ ತಾಯಿ ಬದುಕಿಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬಳು ಮಗಳು ಇದ್ದಾರೆ. ಉಯಿಲು ಇಲ್ಲ. ಬಿಟ್ಟುಹೋದದ್ದು 8,60,000 ರೂಪಾಯಿ. ಅಂತ್ಯಸಂಸ್ಕಾರದ ಖರ್ಚು ಮತ್ತು ಸಾಲ ಸೇರಿ 60,000. ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಮೊದಲು ಖರ್ಚು ಮತ್ತು ಸಾಲ ತೀರಬೇಕು, ಅನಂತರ ಹಂಚಿಕೆ. ಸಾಲ ಕಳೆಯುವ ಮೊದಲೇ ಹಂಚಿದರೆ ಹೆಂಡತಿಯ ಪಾಲು 1,07,500 ಎಂದು ಬರುತ್ತದೆ. ಸರಿಯಾದ ಉತ್ತರ ಉಳಿದ 8,00,000ದ ಎಂಟನೇ ಒಂದು, ಅಂದರೆ 1,00,000. ಬಾಕಿ 7,00,000ವನ್ನು ಐದು ಪಾಲು ಮಾಡಿದರೆ ಮಗಳಿಗೆ 1,40,000, ಗಂಡುಮಕ್ಕಳಿಗೆ ತಲಾ 2,80,000. ಕೂಡಿಸಿದರೆ ಒಂದು ರೂಪಾಯಿಯೂ ಹೆಚ್ಚು ಕಡಿಮೆಯಿಲ್ಲ. ಮಕ್ಕಳಿಲ್ಲದಿದ್ದರೆ ಹೆಂಡತಿಗೆ ನಾಲ್ಕನೇ ಒಂದು, ಅದಕ್ಕೊಂದು 'ಇಫ್'. ಗಂಡುಮಕ್ಕಳಿಲ್ಲದ ಜಟಿಲ ಪ್ರಕರಣ ಬಂದರೆ 'ತಿಳಿದವರನ್ನು ವಿಚಾರಿಸಿ' ಎಂದು ಮುದ್ರಿಸಿ ನಿಲ್ಲುವಂತೆ ಬರೆದೆವು. ಗೊತ್ತಿಲ್ಲದಲ್ಲಿ ಸುಮ್ಮನಿರುವುದನ್ನು ಪ್ರೋಗ್ರಾಮಿಗೂ ಕಲಿಸಬೇಕಾಗುತ್ತದೆ.

ಸರ್ ನಮ್ಮ ಲೆಕ್ಕ ನೋಡಿ, ಬೋರ್ಡಿನ ಮೇಲೆ ಒಂದು ಸಾಲು ಬರೆದರು: ಒಂದನ್ನು ಎಂಟರಿಂದ ಭಾಗಿಸಿ, ಬಂದದ್ದನ್ನು ಒಟ್ಟು ಮೊತ್ತದಿಂದ ಗುಣಿಸಿ. "ಹೆಂಡತಿಗೆ ಎಷ್ಟು ಬರುತ್ತದೆ?" ಎಂದು ತರಗತಿಗೆ ಕೇಳಿದರು. ಒಂದು ಲಕ್ಷ ಎಂದರು ಎಲ್ಲರೂ. ಟರ್ಬೊ ಸಿಯ ನೀಲಿ ಪರದೆಯಲ್ಲಿ ಅದನ್ನು ಬರೆದು ಓಡಿಸಿದಾಗ ಬಂದ ಉತ್ತರ ಸೊನ್ನೆ! ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶದ ಭಾಗ ಬಿದ್ದುಹೋಗುತ್ತದೆ. ಒಂದನ್ನು ಎಂಟರಿಂದ ಭಾಗಿಸಿದರೆ 0.125 ಅಲ್ಲ, 0. ಅದನ್ನು ಎಷ್ಟು ಲಕ್ಷದಿಂದ ಗುಣಿಸಿದರೂ ಸೊನ್ನೆಯೇ. ಯಂತ್ರ ಎಲ್ಲೂ ದೂರು ಹೇಳುವುದಿಲ್ಲ. ಪ್ರೋಗ್ರಾಂ ಸುಗಮವಾಗಿ ಓಡಿ ಮುಗಿಯುತ್ತದೆ. ಆದ್ದರಿಂದಲೇ ಕೈಯಿಂದ ಮಾಡಿದ ಲೆಕ್ಕದ ಜೊತೆ ತಾಳೆ ನೋಡದೆ ಯಾವ ಉತ್ತರವನ್ನೂ ಒಪ್ಪಬಾರದು ಎಂಬುದು ನಾವು ಕಲಿತ ದೊಡ್ಡ ಪಾಠ.

ತರಗತಿ ನಕ್ಕಿತು. ನಮ್ಮಲ್ಲೊಬ್ಬಳಿಗೆ ಮಾತ್ರ ನಗು ಬರಲಿಲ್ಲ. ಅವಳ ಅಜ್ಜ ಒಂದು ಮನೆ, ಪೇಟೆಯಲ್ಲೊಂದು ಅಂಗಡಿ ಬಿಟ್ಟುಹೋಗಿದ್ದರು. ಅವಳ ಸೋದರತ್ತೆಗೆ ಸಿಕ್ಕಿದ್ದು ಸೊನ್ನೆ. "ನಿನ್ನ ಮದುವೆಗೆ ಬೇಕಾದಷ್ಟು ಖರ್ಚಾಗಿದೆ" ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆಗ ಆಕೆಗೆ ಇಪ್ಪತ್ತೆರಡು ವರ್ಷ. ಎಲ್ಲೂ ಗಲಾಟೆಯಾಗಲಿಲ್ಲ. ಎಲ್ಲವೂ ಸುಗಮವಾಗಿ ನಡೆಯಿತು.

ನಾವು ಪ್ರೋಗ್ರಾಮಿಗೆ ಕೊಡಬೇಕಾದ ವಿವರಗಳ ಪಟ್ಟಿಯನ್ನು ಮತ್ತೆ ನೋಡಿದೆವು. ಒಟ್ಟು ಆಸ್ತಿ, ಅಂತ್ಯಸಂಸ್ಕಾರದ ಖರ್ಚು, ಸಾಲ, ಉಯಿಲು, ವಾರಸುದಾರರ ಸಂಖ್ಯೆ. ಮಗಳ ಮದುವೆಯ ಖರ್ಚು ಎಂಬ ಸಾಲು ಅಲ್ಲಿರಲಿಲ್ಲ. ಧರ್ಮದ ನಿಯಮದಲ್ಲಿ ಇಲ್ಲದ್ದನ್ನು ನಾವು ಸೇರಿಸುವುದಾದರೂ ಹೇಗೆ? ಆಸ್ತಿ ಸ್ವಲ್ಪವಿರಲಿ, ಹೆಚ್ಚಿರಲಿ, ಅದರಲ್ಲಿ ಹೆಣ್ಣಿಗೂ ನಿಶ್ಚಿತ ಪಾಲಿದೆ ಎಂಬುದು ಅದೇ ಅಧ್ಯಾಯದ 7ನೇ ಸೂಕ್ತದ ಆಶಯ. ನಮಾಝ್, ಉಪವಾಸಗಳಲ್ಲಿ ಕಟ್ಟುನಿಟ್ಟಾಗಿರುವ ಅದೆಷ್ಟೋ ಮನೆಗಳಲ್ಲಿ ಈ ಲೆಕ್ಕ ಮಾತ್ರ ಕಾಗದಕ್ಕೆ ಇಳಿಯುವುದೇ ಇಲ್ಲ. ಕೇಳಿದ ಹೆಣ್ಣು ತವರಿನ ಬಾಗಿಲು ಮುಚ್ಚಿಸಿಕೊಂಡವಳು ಎನಿಸಿಕೊಳ್ಳುತ್ತಾಳೆ.

ಆ ಗೆಳತಿ ಮುದ್ರಿತ ಹಾಳೆಯೊಂದನ್ನು ಅತ್ತೆಗೆ ತೋರಿಸಿದಳು. ಅಜ್ಜನ ಮನೆಯದ್ದೇ ಲೆಕ್ಕ ಅದು. ಆಕೆ ಬಹಳ ಹೊತ್ತು ನೋಡಿ, "ಇಷ್ಟಿತ್ತಾ?" ಎಂದಷ್ಟೇ ಕೇಳಿದರು. ಹಾಳೆಯನ್ನು ಹಿಂತಿರುಗಿಸಲಿಲ್ಲ. ಆದರೆ ಮರುವರ್ಷ ತಮ್ಮ ಗಂಡ ತೀರಿಕೊಂಡಾಗ, ಇದ್ದ ಅಲ್ಪ ಆಸ್ತಿಯನ್ನು ಹಂಚುವ ಮುನ್ನ ಆಕೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿ, ಮಗಳ ಪಾಲನ್ನು ಮೊದಲು ಬರೆಸಿದರು.

ಇಂದು ಇಂಥ ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಹಾಗಾದರೆ ಹೆಣ್ಣುಮಕ್ಕಳು ಇದನ್ನೆಲ್ಲ ಕಲಿಯುವುದೇಕೆ ಎಂದು ಕೇಳುವ ಹೆತ್ತವರಿದ್ದಾರೆ. ಸಮಸ್ಯೆಯಲ್ಲಿ ಯಾರು ಯಾರಿದ್ದಾರೆ, ಯಾವುದು ಮೊದಲು, ಯಾವುದು ಆಮೇಲೆ, ಬಂದ ಉತ್ತರ ಸರಿಯೇ ಎಂದು ನಿರ್ಧರಿಸುವ ಕೆಲಸ ಈಗಲೂ ಮನುಷ್ಯರದ್ದೇ. ಲೆಕ್ಕ ಬಲ್ಲ ಮಗಳೊಬ್ಬಳು ಮನೆಯಲ್ಲಿದ್ದರೆ, ಸಹಿ ಹಾಕುವ ಮುನ್ನ ಕಾಗದವನ್ನು ಓದಿ ಹೇಳಲು ಒಬ್ಬಳಾದರೂ ಇರುತ್ತಾಳೆ.