ಗಲಪಗೋಸ್ ಯಾತ್ರೆಗೆ ಸಿದ್ಧತೆ

ಈಕ್ವೆಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿ.ಮೀ. ದೂರದಲ್ಲಿ ಗಲಪಗೋಸ್ ದ್ವೀಪಸಮೂಹವಿದೆ. 1835ರಲ್ಲಿ ಡಾರ್ವಿನ್ ಕಂಡ ಈ ನೆಲದ ಶೇಕಡಾ 97 ಭಾಗ ಇಂದು ರಾಷ್ಟ್ರೀಯ ಉದ್ಯಾನ.

ದುಬಾರಿಯಾದ ವಿಹಾರನೌಕೆಯೊಂದೇ ಇಲ್ಲಿ ಮಾರ್ಗವಲ್ಲ. ಕೀಟೋ ಅಥವಾ ಗ್ವಾಯಾಕಿಲ್‌ನಿಂದ ವಿಮಾನದಲ್ಲಿ ಬಾಲ್ಟ್ರಾ ತಲುಪಿ, ಸಾಂತಾ ಕ್ರೂಸ್ ದ್ವೀಪದ ಪಟ್ಟಣದಲ್ಲಿ ತಂಗಬಹುದು. ಅಲ್ಲಿಂದ ಇಸಬೆಲಾ, ಸಾನ್ ಕ್ರಿಸ್ಟೋಬಲ್ ದ್ವೀಪಗಳಿಗೆ ಯಂತ್ರದೋಣಿಗಳುಂಟು. 2024ರ ಆಗಸ್ಟಿನಿಂದ ಭಾರತೀಯ ವಯಸ್ಕರಿಗೆ ಪ್ರವೇಶಶುಲ್ಕ 200 ಡಾಲರು. ಖರ್ಚಿನ ಪಟ್ಟಿಯಲ್ಲಿ ಇದನ್ನು ಮೊದಲು ಬರೆದುಕೊಳ್ಳಿರಿ. ಹೆಚ್ಚಿನ ತಾಣಗಳಿಗೆ ಅಧಿಕೃತ ಮಾರ್ಗದರ್ಶಿ ಜೊತೆಗಿರಲೇಬೇಕು.

ಪ್ರಾಣಿಗಳಿಂದ 2 ಮೀಟರ್ ದೂರವಿರಬೇಕು. ಹಣ್ಣು, ಬೀಜಗಳ ತಪಾಸಣೆ ಕಠಿಣ. ಹೊರಗಿನಿಂದ ಬಂದ ಮೇಕೆಗಳು ಹಸುರನ್ನೆಲ್ಲ ಮೇದು ದೈತ್ಯ ಆಮೆಗಳ ಆಹಾರವನ್ನು ಕಸಿದವು. ಪಿಂಟಾ ದ್ವೀಪದ ಕೊನೆಯ ಆಮೆ 2012ರಲ್ಲಿ ಅಸುನೀಗಿತು. ಆದುದರಿಂದ ಪಾದರಕ್ಷೆಯ ಮಣ್ಣನ್ನು ಮನೆಯಲ್ಲೇ ತೊಳೆದು ಹೊರಡುವುದು ಯಾತ್ರಿಕನ ಮೊದಲ ಕರ್ತವ್ಯ.