ಪುಷ್ಯದ ಪಂಚಮಿ

ಚಳಿಗೂ ಸಂಗೀತಕ್ಕೂ ಹಗೆತನವೆಂದು ತಿಳಿದವರುಂಟು. ಹುಲ್ಲಹಳ್ಳಿಯ ಚಳಿಯನ್ನು ಕಂಡವರು ಹಾಗೆ ತಿಳಿದರೆ ಆಶ್ಚರ್ಯವಿಲ್ಲ. ಧನುರ್ಮಾಸ ಬಂದಿತೆಂದರೆ ಕಪಿಲೆಯ ಮೇಲಿಂದ ಏಳುವ ಮಂಜು ನಾಲೆಯ ಏರಿಯನ್ನೂ ಗದ್ದೆಯ ಬಯಲನ್ನೂ ದಾಟಿ ಬೀದಿಯೊಳಕ್ಕೇ ಬಂದು ನಿಲ್ಲುತ್ತದೆ. ಮುಂಜಾನೆಯ ಭಜನೆಯವರ ಪಾಡು ಆಗ ನೋಡುವಂತಿರುತ್ತದೆ. ಮೃದಂಗದ ಚರ್ಮ ತೇವವನ್ನು ಹೀರಿ ಸಡಿಲಗೊಂಡಿರುತ್ತದೆ. ಮಫ್ಲರಿನ ಮರೆಯಿಂದ ಹೊರಡುವ ಷಡ್ಜ ಯಾವ ಶ್ರುತಿಗೆ ಸೇರಿದ್ದೆಂದು ಹೇಳಲು ಹಾಡುವವರಿಗೂ ಧೈರ್ಯವಿರುವುದಿಲ್ಲ. ಬಿಸಿ ಹುಗ್ಗಿ ಕೈಗೆ ಬಂದ ಮೇಲೆಯೇ ಕಂಠಗಳು ತೆರೆಯುವುದು. ಆ ವೇಳೆಗೆ ಭಜನೆ ಮುಗಿದಿರುತ್ತದೆ.

ಆದರೂ ನಮ್ಮ ಸಂಗೀತಗಾರರು ತಮ್ಮ ದೊಡ್ಡ ಹಬ್ಬಗಳನ್ನೆಲ್ಲ ಈ ಚಳಿಯ ತಿಂಗಳುಗಳಲ್ಲಿಯೇ ಆಚರಿಸುತ್ತಾರೆ. ಮದರಾಸಿನ ಸಂಗೀತೋತ್ಸವ ಡಿಸೆಂಬರಿನಲ್ಲಿ. ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ. ಹತ್ತು ದಿನ ಕಳೆದು ಅಮಾವಾಸ್ಯೆಗೆ ಪುರಂದರದಾಸರದು. ಇವುಗಳಲ್ಲಿ ಮದರಾಸಿನ ಉತ್ಸವ ನಮ್ಮಂಥ ಊರಿನವರಿಗೆ ದೂರದ ಮಾತು. ದಾಸರಂತೂ ಮನೆಯವರೇ. ತಿರುವಯ್ಯಾರಿನಲ್ಲಿ ನಡೆಯುವ ಪಂಚಮಿಯ ಮೇಲೆ ನಮ್ಮ ಸೀಮೆಗೆ ಎಷ್ಟು ಹಕ್ಕಿದೆಯೆಂಬುದನ್ನು ಮಾತ್ರ ನಾವು ಮರೆತಂತಿದೆ.

ಹುಲ್ಲಹಳ್ಳಿಯಿಂದ ಹೊಳೆಯ ಜೊತೆಯಲ್ಲಿಯೇ ಕೆಳಕ್ಕೆ ಸಾಗಿದರೆ ನಂಜನಗೂಡು. ೧೮೭೮ರಲ್ಲಿ ಅಲ್ಲಿ ದೇವದಾಸಿ ಕುಲದ ಪುಟ್ಟಲಕ್ಷ್ಮಮ್ಮನವರಿಗೆ ಹುಟ್ಟಿದ ಮಗಳೇ ಮುಂದೆ ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರೆಂದು ಹೆಸರಾದರು. ಊರಿನ ಹೆಸರು ಬೆಂಗಳೂರಿಗೆ ಹೋಯಿತು, ಕೀರ್ತಿ ಮದರಾಸಿಗೆ ಹೋಯಿತು. ನಂಜನಗೂಡಿಗೆ ಉಳಿದದ್ದು ಹೆರಿಗೆಯ ಪುಣ್ಯವೊಂದೇ. ಆಕೆ ಗಾಯಕಿಯಷ್ಟೇ ಅಲ್ಲ, ವಿದುಷಿ. ಮುದ್ದುಪಳನಿಯೆಂಬ ಹದಿನೆಂಟನೆಯ ಶತಮಾನದ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ೧೯೧೦ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಹೆಂಗಸೊಬ್ಬಳು ಶೃಂಗಾರವನ್ನು ಹೀಗೆ ಬರೆಯಬಹುದೆ ಎಂದು ಮರ್ಯಾದಸ್ಥರು ಕೂಗೆಬ್ಬಿಸಿದರು, ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಗಂಡಸರು ಬರೆದ ಶೃಂಗಾರವನ್ನು ತರಗತಿಯಲ್ಲಿ ಅರ್ಥ ಬಿಡಿಸಿ ಹೇಳಿ ಸಂಬಳ ಪಡೆಯುವ ನನ್ನಂಥವನು ಇದನ್ನು ಕುರಿತು ಹೆಚ್ಚು ಮಾತನಾಡದಿರುವುದೇ ಲೇಸು.

ತ್ಯಾಗರಾಜರು ೧೮೪೭ರ ಜನವರಿಯಲ್ಲಿ ತೀರಿಕೊಂಡರು. ಮುಕ್ಕಾಲು ಶತಮಾನ ಕಳೆಯುವ ವೇಳೆಗೆ ಕಾವೇರಿಯ ದಡದ ಅವರ ಸಮಾಧಿ ಪಾಳುಬಿದ್ದಿತ್ತು. ಅದನ್ನು ಕಣ್ಣಾರೆ ಕಂಡು ನಾಗರತ್ನಮ್ಮನವರಿಗೆ ಕಾಗದ ಬರೆದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲಿನ ಹುಡುಗ ಚೌಡಯ್ಯ ಪಿಟೀಲು ಕಲಿತು ಟಿ. ಚೌಡಯ್ಯನವರಾದುದು ಇದೇ ಕೃಷ್ಣಪ್ಪನವರ ಬಳಿ. ಕಾಗದವನ್ನು ಓದಿದ ನಾಗರತ್ನಮ್ಮನವರು ಸುಮ್ಮನೆ ಕೂರಲಿಲ್ಲ. ಕಛೇರಿಗಳಲ್ಲಿ ಗಳಿಸಿದ್ದನ್ನೆಲ್ಲ ಸುರಿದು ೧೯೨೧ರಲ್ಲಿ ಕಟ್ಟಡದ ಕೆಲಸ ಆರಂಭಿಸಿದರು. ೧೯೨೫ರ ಜನವರಿಯಲ್ಲಿ ಪ್ರತಿಷ್ಠೆಯೂ ಆಯಿತು.

ವಿಚಿತ್ರವಿರುವುದು ಇದರ ಮುಂದೆ. ಆರಾಧನೆ ನಡೆಸುವ ವಿದ್ವಾಂಸರಲ್ಲಿ ಆಗ ಎರಡು ಪಕ್ಷಗಳು: ‘ಪೆರಿಯ ಕಟ್ಚಿ’, ‘ಚಿನ್ನ ಕಟ್ಚಿ’, ಎಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ. ಒಬ್ಬರ ಮುಖವನ್ನು ಒಬ್ಬರು ನೋಡುತ್ತಿರಲಿಲ್ಲ. ಆದರೆ ಹೆಂಗಸರು ಅಲ್ಲಿ ಹಾಡಕೂಡದೆಂಬ ಮಾತಿನಲ್ಲಿ ಇಬ್ಬರೂ ಒಂದೇ. ಗುಡಿ ಕಟ್ಟಿಸಿದಾಕೆಗೇ ಗುಡಿಯ ಮುಂದೆ ಹಾಡುವ ಎಡೆಯಿಲ್ಲ! ೧೯೨೭ರಲ್ಲಿ ಅವರು ಹೆಂಗಸರನ್ನು ಕೂಡಿಸಿಕೊಂಡು ಮೂರನೆಯದೊಂದು ಪಕ್ಷವನ್ನೇ ಕಟ್ಟಿ, ಗುಡಿಯ ಹಿಂಬದಿಯಲ್ಲಿ ಆರಾಧನೆ ನಡೆಸಿದರು. ಕಟ್ಟಿಸಿದ್ದಕ್ಕಿಂತ ಈ ಹಿಂಬದಿಯ ಹಾಡುಗಾರಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಹಣವಿದ್ದವರು ಕಲ್ಲು ಕಟ್ಟಿಸಿಯಾರು. ಮುಂಬಾಗಿಲಿನಲ್ಲಿ ಅವಮಾನವಾದ ಮೇಲೆಯೂ ವರ್ಷ ವರ್ಷವೂ ಅದೇ ಪಂಚಮಿಗೆ ಹೋಗಿ ಹಿಂದುಗಡೆ ಕುಳಿತು ಹಾಡಬೇಕಾದರೆ ಬೇರೆಯೇ ಎದೆ ಬೇಕು. ೧೯೪೦ರಲ್ಲಿ ಪಕ್ಷಗಳು ಒಂದಾದವು, ಹೆಂಗಸರಿಗೂ ವೇದಿಕೆ ದೊರೆಯಿತು. ೧೯೪೯ರಲ್ಲಿ ಬರೆಸಿದ ಉಯಿಲಿನಲ್ಲಿ ಅವರು ತಮ್ಮ ಆಸ್ತಿಯನ್ನು ಗುಡಿಗೇ ಬಿಟ್ಟು, ಹೆಂಗಸರನ್ನು ಅಲ್ಲಿಂದ ಹೊರಗಿಡಕೂಡದೆಂಬುದನ್ನೂ ಸೇರಿಸಿದರು. ಜನರ ಮನಸ್ಸು ಬದಲಾಯಿತೆಂದು ನಂಬಿ ಕುಳಿತುಬಿಡುವ ಸ್ವಭಾವ ಅವರದಲ್ಲ. ೧೯೫೨ರ ಮೇ ತಿಂಗಳಲ್ಲಿ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಬಳಿಯಲ್ಲಿಯೇ ಅವರದೂ ಇದೆ.

ನಮ್ಮ ಕಡೆಯ ಮನೆಗಳಲ್ಲಿ ಇವರ ಹೆಸರನ್ನೇಕೆ ಎತ್ತುತ್ತಿರಲಿಲ್ಲವೆಂಬುದು ಊಹಿಸಲಾರದ ಸಂಗತಿಯೇನಲ್ಲ. ನನ್ನ ಸೋದರತ್ತೆಗೆ ಈಗ ಎಪ್ಪತ್ತು ದಾಟಿದೆ. ಹದಿನಾರರವರೆಗೆ ಮೇಷ್ಟರೊಬ್ಬರಿಂದ ಪಾಠವಾಗಿತ್ತು. ಪಂಚರತ್ನ ಕೃತಿಗಳಲ್ಲಿ ನಾಟ, ಗೌಳ, ಆರಭಿ, ಶ್ರೀರಾಗದವು ಬಂದಿದ್ದವು. ವರಾಳಿಯದು ಬಾಕಿ. ವರಾಳಿಯನ್ನು ಗುರು ಎದುರಿಗೆ ಕೂರಿಸಿಕೊಂಡು ಕಲಿಸಿದರೆ ಗುರುಶಿಷ್ಯರಿಗೆ ವಿರಸವಾಗುತ್ತದೆಂದು ನಂಬಿಕೆ. ಶಿಷ್ಯರು ಕೇಳಿಯೇ ಕಲಿಯಬೇಕು. ಅಷ್ಟರಲ್ಲಿ ಯಾರೋ ಸಭೆಯಲ್ಲಿ ಹಾಡಿಸುವ ಮಾತೆತ್ತಿದರು. ನನ್ನ ಅಜ್ಜ, ‘ಸಭೆಯಲ್ಲಿ ಹಾಡುವ ಕುಲವಲ್ಲ ನಮ್ಮದು’ ಎಂದರಂತೆ. ಪಾಠವೂ ನಿಂತಿತು. ಅತ್ತೆ ಅಡಿಗೆಮನೆಯ ರೇಡಿಯೋದಿಂದ ವರಾಳಿಯನ್ನು ಕಲಿತರು, ಒಲೆಯ ಮುಂದೆಯೇ ಹಾಡಿಕೊಂಡರು.

ನಾಗರತ್ನಮ್ಮನವರ ಕಥೆಯನ್ನು ನಾನು ಒಂದು ಸಂಜೆ ಅವರಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

‘ನಂಜನಗೂಡಿನಾಕೆಯೇನೋ?’

‘ಹೌದು, ಅತ್ತೆ.’

‘ಇಷ್ಟು ಹತ್ತಿರದಲ್ಲಿದ್ದು ಯಾರೂ ನನಗೆ ಹೇಳಲಿಲ್ಲ, ನೋಡು.’ ಸ್ವಲ್ಪ ಹೊತ್ತು ಬಿಟ್ಟು, ‘ಹೇಳಿದ್ದರೆ ಅಪ್ಪ ಇನ್ನೂ ಬೇಗ ಪಾಠ ಬಿಡಿಸುತ್ತಿದ್ದರೋ ಏನೋ’ ಎಂದು ನಕ್ಕರು.

ಹೋದ ಪುಷ್ಯದಲ್ಲಿ ನಮ್ಮ ಬೀದಿಯವರು ಒಂದು ಜಗುಲಿಯ ಮೇಲೆ ಸಣ್ಣದಾಗಿ ಆರಾಧನೆ ಮಾಡಿದರು. ‘ಅತ್ತೆಯೂ ಹಾಡುತ್ತಾರೆ’ ಎಂದೆ. ಹಿರಿಯರೊಬ್ಬರು, ‘ಅದಕ್ಕೇನಂತೆ, ಹಿಂದೆ ಕುಳಿತು ದನಿಗೂಡಿಸಲಿ’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಅಭ್ಯಾಸಬಲ. ಅತ್ತೆ ಶಾಲು ಹೊದ್ದು ಬಂದು, ಏನೂ ಹೇಳದೆ, ಹಿಂದೆಯೇ ಕುಳಿತರು. ನಾಟ, ಗೌಳ, ಆರಭಿಗಳು ಹೇಗೋ ದಾಟಿದವು. ವರಾಳಿಗೆ ಬಂದಾಗ ಮುಂದಿನ ಸಾಲಿನ ದನಿಗಳು ಒಂದೊಂದಾಗಿ ತಗ್ಗಿದವು. ಅದನ್ನು ಪೂರ್ತಿ ಬಲ್ಲವರು ಎಲ್ಲಿಯೂ ಕಡಿಮೆ. ಎರಡನೆಯ ಚರಣದ ವೇಳೆಗೆ ಹಿಂದಿನಿಂದ ಬರುತ್ತಿದ್ದ ದನಿ ಒಂದೇ ಉಳಿದಿತ್ತು. ವಯಸ್ಸಾದ ದನಿ, ಮೇಲಿನ ಷಡ್ಜದಲ್ಲಿ ಒಂದಿಷ್ಟು ನಡುಗುತ್ತಿತ್ತು. ಸಾಹಿತ್ಯ ಮಾತ್ರ ಅಕ್ಷರವೂ ತಪ್ಪಲಿಲ್ಲ. ಪಿಟೀಲಿನವರು ನುಡಿಸುತ್ತಲೇ ಕುಳಿತಲ್ಲಿಂದ ಅರ್ಧ ತಿರುಗಿ ಅತ್ತೆಯ ಕಡೆ ಮುಖ ಮಾಡಿದರು. ಮೃದಂಗದವರೂ ತಿರುಗಿದರು. ಶ್ರೀರಾಗ ಆರಂಭವಾಗುವ ಹೊತ್ತಿಗೆ ಆ ಹಿರಿಯರು ಎದ್ದು ತಮ್ಮ ಚಾಪೆಯನ್ನು ಹಿಂದಕ್ಕೆ ಎಳೆದುಕೊಂಡು ಬಂದು, ಅತ್ತೆಯ ಮಗ್ಗುಲಿಗೆ ಹಾಕಿಕೊಂಡು ಕುಳಿತರು.