ಬಂಜೆಯೆಂಬ ನುಡಿ

ಅಮಾವಾಸ್ಯೆಯ ದಿನ ಮಠಕ್ಕೆ ಬರುವ ಸದ್ಭಕ್ತರ ಬಿನ್ನಹಗಳು ಬಗೆಬಗೆಯವು. ಅಡಿಕೆಗೆ ಕೊಳೆರೋಗ ಬಿದ್ದವರು, ಬಗರ್‌ಹುಕುಂ ಅರ್ಜಿ ಹಾಕಿ ಕಾದವರು, ಮಗನ ಕುಡಿತದಿಂದ ನೊಂದವರು, ಎಲ್ಲರೂ ಮುಂದೆ ಬಂದು ತಮ್ಮ ಮಾತನ್ನು ತಾವೇ ಹೇಳಿಕೊಳ್ಳುತ್ತಾರೆ. ಸಂತಾನವನ್ನು ಬಯಸಿ ಬರುವ ಹೆಣ್ಣುಮಗಳೊಬ್ಬಳು ಮಾತ್ರ ಕಂಬದ ಮರೆಯಲ್ಲಿ ನಿಂತಿರುತ್ತಾಳೆ. ಆಕೆಯ ಪರವಾಗಿ ಅತ್ತೆ ಮಾತಾಡುತ್ತಾಳೆ. ಅತ್ತೆ ಇಲ್ಲದಿದ್ದರೆ ನಾದಿನಿ. ವಿಭೂತಿಯನ್ನೋ ಫಲವನ್ನೋ ಸೆರಗೊಡ್ಡಿ ಪಡೆಯುವಾಗಲಷ್ಟೇ ಅವಳ ಮುಖ ಕಾಣುವುದು. ಮೂರು ದಶಕಗಳಿಂದ ಈ ದೃಶ್ಯವನ್ನು ನಾವು ನೋಡುತ್ತ ಬಂದಿದ್ದೇವೆ.

ಕಾವಿ ಉಟ್ಟವರಿಗೆ ಗರ್ಭದ ಮಾತೇಕೆ ಎಂದು ಕೆಲವರು ಕೇಳಿಯಾರು. ಮದುವೆಯ ಮುಹೂರ್ತವನ್ನೂ, ಏಳೆಂಟು ತಿಂಗಳ ಬಸುರಿಗೆ ಗರ್ಭಲಿಂಗಧಾರಣೆಯನ್ನೂ, ಹುಟ್ಟಿದ ಕೂಸಿಗೆ ನಾಮಕರಣವನ್ನೂ ಮಠದವರೇ ನೆರವೇರಿಸಬೇಕೆನ್ನುವ ಸಮಾಜವು, ಇವುಗಳ ನಡುವೆ ಬರುವ ಸಂಕಟದ ಬಗ್ಗೆ ಮಾತ್ರ ಮಠವು ಮೌನವಾಗಿರಲಿ ಎನ್ನುವುದು ನ್ಯಾಯವಲ್ಲ. ಆದುದರಿಂದ ಬರೆಯುತ್ತಿದ್ದೇವೆ.

2018ರ ಕಾರ್ತಿಕ ಮಾಸದಲ್ಲಿ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಕಡೆಗೆ ಪಾದಪೂಜೆಗಾಗಿ ಹೋಗಿದ್ದೆವು. ಗದ್ದೆ, ಅಡಿಕೆ ತೋಟ, ನಡುನಡುವೆ ಶುಂಠಿ, ಮೆಕ್ಕೆಜೋಳ ಬೆಳೆಯುವ ಸೀಮೆ ಅದು. ನಾವು ಬಿಜಯಂಗೈದ ಮನೆಯಲ್ಲಿ ಪೂಜೆಯ ಸಿದ್ಧತೆಯನ್ನೆಲ್ಲ ಹಿರಿಯ ಸೊಸೆಯೇ ಮಾಡಿದ್ದಳು. ಆದರೆ ಪಾದೋದಕ ಸ್ವೀಕರಿಸುವ ಹೊತ್ತಿಗೆ ಆಕೆ ಕಾಣಲಿಲ್ಲ. ವಿಚಾರಿಸಿದಾಗ ಅತ್ತೆ ತಗ್ಗಿದ ದನಿಯಲ್ಲಿ, “ಅವಳು ಹೊರಗಾಗ್ಯಾಳೆ ಬುದ್ಧಿ, ಕೊಟ್ಟಿಗೆ ಕೋಣೇಲಿ ಮಲಗ್ಯಾಳೆ” ಎಂದರು. ಆಮೇಲೆ ಅವರೇ ಮುಂದುವರಿಸಿ, ಮದುವೆಯಾಗಿ ಆರು ವರ್ಷವಾದುದನ್ನೂ, ಮಡಿಲು ತುಂಬದಿರುವುದನ್ನೂ, ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ನೆಂಟರಲ್ಲಿ ನಡೆದಿರುವುದನ್ನೂ ಹೇಳಿದರು.

ಮೊದಲು ನಾವು ಆ ಕೊಟ್ಟಿಗೆಯ ಕೋಣೆಯ ಮಾತನ್ನೇ ಎತ್ತಿದೆವು. ಲಿಂಗವಂತರಿಗೆ ಪಂಚಸೂತಕಗಳಿಲ್ಲ. ಜಾತಿ, ಜನನ, ಮರಣ, ಉಚ್ಛಿಷ್ಟಗಳ ಸಾಲಿನಲ್ಲಿ ರಜಸ್ಸೂತಕವನ್ನೂ ನಮ್ಮ ಹಿರಿಯರು ಅಲ್ಲಗಳೆದು ಎಂಟುನೂರು ವರ್ಷಗಳ ಮೇಲಾಯಿತು. ಕೊರಳಲ್ಲಿ ಲಿಂಗವಿದ್ದವಳು ಆ ದಿನಗಳಲ್ಲಿಯೂ ಇಷ್ಟಲಿಂಗ ಪೂಜೆಗೆ ಅರ್ಹಳು. ಹಾಗಿದ್ದೂ ಸುತ್ತಲ ಆಚಾರಗಳನ್ನು ನೋಡಿ ನಮ್ಮವರೂ ಸೊಸೆಯರನ್ನು ಹೊರಗಿಡುವುದನ್ನು ಕಲಿತರು. ಇದು ಸಿದ್ಧಾಂತದ ಚರ್ಚೆಯಷ್ಟೇ ಆಗಿದ್ದರೆ ಇಲ್ಲಿ ಪ್ರಸ್ತಾಪಿಸುತ್ತಿರಲಿಲ್ಲ. ಮುಟ್ಟು ಮೈಲಿಗೆಯಾದ ಮನೆಯಲ್ಲಿ ಮುಟ್ಟಿನ ನೋವೂ ಮೈಲಿಗೆಯಾಗುತ್ತದೆ. ಬಾಯಿಬಿಟ್ಟು ಹೇಳಲಾಗದ ರೋಗಕ್ಕೆ ಮದ್ದು ಹುಡುಕುವವರಾರು?

ನಮ್ಮ ಮಾತಿನ ಮೇಲೆ ಆಕೆಯನ್ನು ಒಳಗೆ ಕರೆತಂದರು. ಹೊಟ್ಟೆ ಹಿಡಿದುಕೊಂಡೇ ಬಂದಳು. ಹದಿಮೂರನೆಯ ವಯಸ್ಸಿನಿಂದಲೂ ಹೀಗೆಯೇ ಎಂದಳು. ಶಾಲೆ ತಪ್ಪುತ್ತಿತ್ತು, ಕೆಲವೊಮ್ಮೆ ನೋವಿಗೆ ವಾಂತಿಯಾಗುತ್ತಿತ್ತು. “ಎಲ್ಲರಿಗೂ ಇರೋದೇ, ಮದುವೆ ಆದ್ಮೇಲೆ ಹೋಗ್ತದೆ” ಎಂದು ತಾಯಿ ಹೇಳಿದ್ದಳಂತೆ. ಮದುವೆಯ ನಂತರ ನೋವು ಹೆಚ್ಚಿತು. ಮುಟ್ಟು ಮಾತ್ರ ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರತೊಡಗಿತು. ಹತ್ತಿರದ ಪಟ್ಟಣದ ವೈದ್ಯರೊಬ್ಬರು ಸ್ಕ್ಯಾನ್ ನೋಡಿ, ಅಂಡಾಶಯದಲ್ಲಿ ‘ನೀರುಗುಳ್ಳೆ’ಗಳಿವೆ, ತೂಕ ಇಳಿಸು ಎಂದಷ್ಟೇ ಹೇಳಿ ನೋವಿನ ಮಾತ್ರೆ ಕೊಟ್ಟು ಕಳುಹಿಸಿದ್ದರು. ಗಂಡನನ್ನು ಒಮ್ಮೆಯೂ ಯಾರೂ ಪರೀಕ್ಷಿಸಿರಲಿಲ್ಲ!

ಮಠಕ್ಕೆ ಹಿಂದಿರುಗಿದ ಮೇಲೆ ಪರಿಚಯದ ಪ್ರಸೂತಿ ತಜ್ಞೆಯೊಬ್ಬರನ್ನು ವಿಚಾರಿಸಿದೆವು. ಈ ಮಗಳನ್ನು ಕಾಡುತ್ತಿರುವುದು ಒಂದಲ್ಲ, ಎರಡು ರೋಗಗಳಿರಬಹುದೆಂದು ಅವರು ತಿಳಿಸಿದರು. ಅವುಗಳ ಸ್ವರೂಪವನ್ನು ವಾಚಕರೂ ಅರಿಯುವುದು ಒಳಿತು.

ಮೊದಲನೆಯದು ಪಿ.ಸಿ.ಓ.ಎಸ್., ಎಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. 1935ರಲ್ಲಿ ಅಮೆರಿಕೆಯ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವಿವರಿಸಿದರು. ಸ್ಕ್ಯಾನಿನಲ್ಲಿ ಕಾಣುವ ಆ ಗುಳ್ಳೆಗಳು ನಿಜವಾದ ಗಡ್ಡೆಗಳಲ್ಲ. ಪಕ್ವವಾಗಬೇಕಿದ್ದ ಅಂಡದ ಕೋಶಗಳು ಅರ್ಧದಲ್ಲಿಯೇ ನಿಂತುಬಿಟ್ಟಿರುತ್ತವೆ. ಶರೀರದಲ್ಲಿ ಪುರುಷ ಹಾರ್ಮೋನಿನ ಅಂಶ ಹೆಚ್ಚುವುದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಇದರ ಮೂಲದಲ್ಲಿರುತ್ತದೆ. ಅಂಡವು ಹೊರಬೀಳದ ತಿಂಗಳಲ್ಲಿ ಗರ್ಭಕ್ಕೆ ಅವಕಾಶವಿಲ್ಲ. ಸಂತಾನ ಪಡೆಯುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 8ರಿಂದ 13 ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಎರಡನೆಯದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಅಂಡನಾಳದ ಸುತ್ತ, ಕರುಳಿನ ಬದಿಯಲ್ಲಿ ಬೆಳೆಯುತ್ತದೆ. ತಿಂಗಳ ಹಾರ್ಮೋನಿಗೆ ಅದೂ ಓಗೊಟ್ಟು ಸ್ರವಿಸುತ್ತದೆ. ಆದರೆ ಆ ರಕ್ತಕ್ಕೆ ಹೊರದಾರಿಯಿಲ್ಲ. ಅದರಿಂದ ಉರಿಯೂತ, ಕಲೆಗಟ್ಟುವಿಕೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವಿಕೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟುಗಳಾದರೆ ಸ್ಕ್ಯಾನಿನಲ್ಲಿ ಕಂಡೀತು. ಹೊಟ್ಟೆಯ ಒಳಪೊರೆಯ ಮೇಲೆ ಚದುರಿದ ಚಿಕ್ಕ ಕಲೆಗಳು ಎಷ್ಟೋ ವೇಳೆ ಕಾಣುವುದಿಲ್ಲ. ಜಗತ್ತಿನಲ್ಲಿ ಹತ್ತರಲ್ಲೊಬ್ಬ ಹೆಣ್ಣಿಗೆ, ಅಂದರೆ ಸುಮಾರು 19 ಕೋಟಿ ಜನರಿಗೆ ಈ ರೋಗವಿದೆಯಂತೆ. ನೋವು ತೊಡಗಿ ರೋಗದ ಹೆಸರು ತಿಳಿಯುವ ಹೊತ್ತಿಗೆ ನಾಲ್ಕರಿಂದ ಹನ್ನೆರಡು ವರ್ಷ ಕಳೆದಿರುತ್ತದೆ. ಈ ಮಗಳಿಗೆ ಹದಿನೇಳು ವರ್ಷ ಬೇಕಾಯಿತು.

ನಮ್ಮ ಪ್ರಾಚೀನರು ಈ ಬಗೆಗೆ ಕುರುಡರಾಗಿರಲಿಲ್ಲ. ಚರಕಸಂಹಿತೆಯು ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಹೇಳುವಾಗ ಮುಟ್ಟಿನ ಕಡು ನೋವನ್ನೇ ಲಕ್ಷಣವಾಗುಳ್ಳ ಒಂದು ವ್ಯಾಧಿಯನ್ನು ಬೇರೆಯಾಗಿ ಹೆಸರಿಸಿದೆ. ಅದೇ ಇದು ಎಂದು ನಾವು ಹೇಳುವುದಿಲ್ಲ. ಎಲ್ಲ ಹೊಸ ಶೋಧನೆಯೂ ನಮ್ಮ ಓಲೆಗರಿಯಲ್ಲಿತ್ತೆನ್ನುವ ಅಭ್ಯಾಸ ನಮಗೆ ಹಿಡಿಸದು. ಆದರೆ ನೋವನ್ನು ಅವರು ರೋಗವೆಂದು ಕರೆದರು, ಸೋಗೆಂದು ಕರೆಯಲಿಲ್ಲ. ಸುಶ್ರುತರು ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಬೇಕೆಂದಿದ್ದಾರೆ. ಗದ್ದೆಯ ಬೇಸಾಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ತಪ್ಪಿದರೆ ಹದ ಹೋಯಿತೆನ್ನುತ್ತೇವೆ, ಮೊಳಕೆ ಬಾರದಿದ್ದರೆ ಬಿತ್ತ ಜೊಳ್ಳೆನ್ನುತ್ತೇವೆ. ಮನೆಯೊಳಗೆ ಮಾತ್ರ ಎಲ್ಲ ತಪ್ಪನ್ನೂ ಕ್ಷೇತ್ರದ ಮೇಲೆಯೇ ಹೊರಿಸುತ್ತೇವೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆಂದು ವೈದ್ಯರು ಹೇಳುತ್ತಾರೆ. ಅದಕ್ಕೆ ಬೇಕಾದ ಪರೀಕ್ಷೆಯೋ ಅತ್ಯಂತ ಸುಲಭದ್ದು, ಅಗ್ಗದ್ದು.

ಆ ಮನೆಯ ಮಗನನ್ನು ಕರೆಸಿ ನಾವು ಹೇಳಿದ್ದು ಎರಡೇ ಮಾತು. ಮೊದಲು ನೀನು ಪರೀಕ್ಷೆ ಮಾಡಿಸಿಕೋ. ಆಮೇಲೆ ಹೆಂಡತಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿ. ಅವನ ತಂದೆಗೆ ಸಿಟ್ಟು ಬಂದಿತು. “ಮಠಕ್ಕೆ ಆಶೀರ್ವಾದ ಕೇಳಿದ್ರೆ ಆಸ್ಪತ್ರೆ ದಾರಿ ತೋರಿಸ್ತೀರಲ್ಲ ಬುದ್ಧಿ” ಎಂದರು. ಅವರಿಗೆ ಬಳ್ಳಿಗಾವೆಯ ಕೋಡಿಯಮಠದ ವಿಷಯ ತಿಳಿಸಿದೆವು. ನೆರೆಯ ಶಿಕಾರಿಪುರ ತಾಲ್ಲೂಕಿನ ಆ ಕಾಳಾಮುಖ ಮಠವನ್ನು 1162ರ ಶಾಸನವು ವೇದಶಾಸ್ತ್ರಗಳ ವಿದ್ಯಾಸ್ಥಾನವೆಂದೂ, ಹಸಿದವರಿಗೆ ಅನ್ನವಿಡುವ ತಾಣವೆಂದೂ, ನಾನಾ ರೋಗಿಗಳಿಗೆ ಔಷಧೋಪಚಾರ ನಡೆಯುವ ಎಡೆಯೆಂದೂ ಬಣ್ಣಿಸಿದೆ. ಮಠವು ಆಸ್ಪತ್ರೆಯ ದಾರಿ ತೋರಿಸುವುದು ಈ ಸೀಮೆಗೆ ಹೊಸತಲ್ಲ.

ಎರಡನೆಯ ಮದುವೆಯ ಮಾತಿಗೆ ಉತ್ತರ ಕಾನೂನಿನಲ್ಲಿಯೇ ಇದೆ. 1955ರ ಹಿಂದೂ ವಿವಾಹ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿದೆ. ಮೊದಲ ಹೆಂಡತಿಯಿರುವಾಗ ಆಗುವ ಮದುವೆ ಅಸಿಂಧು, ಶಿಕ್ಷಾರ್ಹ. ಮಕ್ಕಳಾಗಲಿಲ್ಲವೆಂಬುದು ವಿಚ್ಛೇದನಕ್ಕೂ ಕಾರಣವಲ್ಲ. ಇದನ್ನು ಆ ಮನೆಯ ಜಗಲಿಯಲ್ಲಿ ನೆಂಟರೆಲ್ಲರ ಎದುರಿಗೇ ಹೇಳಿದೆವು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇವೆ. 2019ರಲ್ಲಿ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ನೋಡುವ ಲ್ಯಾಪರೊಸ್ಕೋಪಿಯಾಯಿತು. ಎಂಡೊಮೆಟ್ರಿಯೋಸಿಸ್ ನಿಶ್ಚಯವಾಯಿತು, ಕಂಡ ಕಲೆಗಳನ್ನು ಸುಟ್ಟರು, ಅಂಟುಗಳನ್ನು ಬಿಡಿಸಿದರು. ಎಷ್ಟೋ ವರ್ಷಗಳ ಬಳಿಕ ಆಕೆ ಮುಟ್ಟಿನ ದಿನ ನೆಟ್ಟಗೆ ನಿಂತು ನಡೆದಳು. ಬಳಿಕ ಅಂಡ ಪಕ್ವವಾಗಲೆಂದು ಲೆಟ್ರೊಜೋಲ್ ಮಾತ್ರೆ ಕೊಟ್ಟರು. ಪಿ.ಸಿ.ಓ.ಎಸ್. ಇರುವವರಿಗೆ ಹಳೆಯ ಕ್ಲೋಮಿಫೀನಿಗಿಂತ ಇದು ಮೇಲೆಂದು 750 ಹೆಂಗಸರ ಮೇಲೆ ಅಮೆರಿಕೆಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ: ಒಂದರಲ್ಲಿ ನೂರಕ್ಕೆ 27.5, ಇನ್ನೊಂದರಲ್ಲಿ 19.1 ಮಂದಿಗೆ ಜೀವಂತ ಶಿಶು ಜನಿಸಿತು. ಅಂಕಿಗಳನ್ನು ಬೇಕೆಂದೇ ಕೊಟ್ಟಿದ್ದೇವೆ. ಒಳ್ಳೆಯ ಔಷಧದಲ್ಲಿಯೂ ಮುಕ್ಕಾಲು ಪಾಲು ಹೆಂಗಸರು ಬರಿಗೈಯಲ್ಲಿ ಉಳಿಯುತ್ತಾರೆಂಬುದನ್ನು ‘ಖಾತ್ರಿ ಫಲ’ದ ಫಲಕ ಹಾಕುವವರು ಹೇಳುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಚಿಕಿತ್ಸೆ ನಿಂತಿತು. 2021ರಲ್ಲಿ ಗರ್ಭ ನಿಂತು ಮೂರನೆಯ ತಿಂಗಳಲ್ಲಿ ಇಳಿದುಹೋಯಿತು. 2023ರಲ್ಲಿ ಅಡಿಕೆಯ ಹಣ ಕೂಡಿಸಿ ಪ್ರನಾಳ ಶಿಶುವಿನ ವಿಧಾನಕ್ಕೂ ಹೋದರು, ಅದೂ ಫಲಿಸಲಿಲ್ಲ. ಆ ವಿಧಾನವು ಶಾಸ್ತ್ರಸಮ್ಮತವೇ ಎಂದು ನಮ್ಮನ್ನು ಕೇಳಿದ್ದರು. ದಂಪತಿಗಳ ಬೀಜಗಳು ಗಾಜಿನ ಪಾತ್ರೆಯಲ್ಲಿ ಕೂಡಿದರೆ ಕೆಡುವಂಥ ಧರ್ಮ ನಮ್ಮದಲ್ಲವೆಂದೆವು. 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇಂಥ ಶಿಶು ಜನಿಸಿದಾಗ ಅವರನ್ನು ಯಾರೂ ನಂಬಲಿಲ್ಲ. ಅವಮಾನದಿಂದ ಬೆಂದು 1981ರಲ್ಲಿ ಅವರು ಪ್ರಾಣ ಬಿಟ್ಟರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಶಿಶುವಿನಿಂದ ‘ಭಾರತದಲ್ಲಿ ಮೊದಲಿಗರು’ ಎಂಬ ಕೀರ್ತಿ ಪಡೆದ ತಂಡದ ಡಾ. ಟಿ. ಸಿ. ಆನಂದಕುಮಾರರೇ 1997ರಲ್ಲಿ ಮುಖೋಪಾಧ್ಯಾಯರ ಕಾಗದಪತ್ರಗಳನ್ನು ಓದಿ, ಮೊದಲಿಗರು ಅವರು, ನಾವಲ್ಲ ಎಂದು ಸಾರಿದರು. ಬೆಂಗಳೂರಿನಲ್ಲಿ ಚಿಕಿತ್ಸಾಲಯ ನಡೆಸಿದ ಆನಂದಕುಮಾರರ ಈ ಸತ್ಯನಿಷ್ಠೆಯನ್ನು ನಾವು ಭಾಷಣಗಳಲ್ಲಿ ಆಗಾಗ ನೆನೆಯುತ್ತೇವೆ. 2021ರಲ್ಲಿ ಈ ಚಿಕಿತ್ಸೆಗೆಂದೇ ಕಾಯಿದೆಯಾಗಿದೆ; ಹೋಗುವವರು ಅದರಂತೆ ನೋಂದಣಿಯಾದ ಆಸ್ಪತ್ರೆಯೇ ಎಂದು ವಿಚಾರಿಸಿಕೊಂಡೇ ಹೋಗಬೇಕು.

ಆಶ್ವೀಜ ಶುದ್ಧ ಪೂರ್ಣಿಮೆಯ ಭೂಮಿ ಹುಣ್ಣಿಮೆಯು ಈ ಸೀಮೆಯ ದೊಡ್ಡ ಹಬ್ಬ. ತೆನೆ ತುಂಬುವ ಗದ್ದೆಯನ್ನು ಬಸುರಿಯೆಂದು ಬಗೆದು ಬಯಕೆಯೂಟ ಬಡಿಸುತ್ತಾರೆ. ಹಿಂದಿನ ರಾತ್ರಿಯೆಲ್ಲ ಹೆಂಗಸರು ಸೊಪ್ಪು ಬೇಯಿಸಿ ಅಡುಗೆ ಮಾಡುತ್ತಾರೆ, ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆಯನ್ನು ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರೆ. ಇಷ್ಟು ಸುಂದರವಾದ ಹಬ್ಬದಲ್ಲಿ ಆ ಸೊಸೆಗೆ ಬುಟ್ಟಿ ಮುಟ್ಟಗೊಡುತ್ತಿರಲಿಲ್ಲವಂತೆ. ಬಂಜೆಯೆಂಬ ನುಡಿಯನ್ನು ಯಾರೂ ಅವಳ ಮುಖದೆದುರು ಆಡಿರಲಿಲ್ಲ. ಬುಟ್ಟಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟರೆ ಸಾಕಾಗುತ್ತಿತ್ತು. ಅಕ್ಕಮಹಾದೇವಿಯ ಉಡುತಡಿ ಇದೇ ನಾಡಿನದು. ಹೆರದ ಆಕೆಯನ್ನು ನಾಡಿಗೆ ನಾಡೇ ಅಕ್ಕನೆಂದಿತು. ಆದರೆ ವಿರಕ್ತಿಯಿಂದ ಬಿಟ್ಟವಳ ಉದಾಹರಣೆಯು ಬಯಸಿಯೂ ಪಡೆಯದವಳಿಗೆ ಸಮಾಧಾನ ತಾರದೆಂದು ಬಲ್ಲೆವು. ಅತ್ತೆಗೆ ಮಾತ್ರ ಆ ಉದಾಹರಣೆಯನ್ನು ಹೇಳಿದೆವು. ಈಚಿನ ಎರಡು ವರ್ಷ ಬುಟ್ಟಿ ಹೊತ್ತವಳು ಆ ಸೊಸೆಯೇ.

ಈಗ ಅವರು ದತ್ತು ಸ್ವೀಕಾರಕ್ಕೆ ಹೆಸರು ನೋಂದಾಯಿಸಿದ್ದಾರೆ. ಕೂಸಿಗಾಗಿ ವರ್ಷಗಟ್ಟಲೆ ಕಾಯಬೇಕು. ಮಾವನವರು ಮಠಕ್ಕೆ ಬಂದು, ಯಾವ ಕುಲದ್ದೋ ಮಗು, ಲಿಂಗ ಕಟ್ಟುವಿರಾ ಎಂದು ಕೇಳಿದರು. ನಮ್ಮ ಬಿನ್ನವತ್ತಳೆಯನ್ನು ಅವರ ಕೈಗಿತ್ತು ಓದಿಸಿದೆವು. ಅದರಲ್ಲಿ ನಮ್ಮ ಹೆಸರಿನ ಹಿಂದೆ ಗುರುಗಳ ‘ಕರಕಮಲಸಂಜಾತ’ರೆಂದಿದೆ, ಹೆತ್ತವರ ಹೆಸರಿಲ್ಲ. ಒಂಬತ್ತನೆಯ ವಯಸ್ಸಿಗೆ ಮಠಕ್ಕೆ ಬಂದ ನಮಗೂ ಹುಟ್ಟು ಗುರುವಿನ ಹಸ್ತದಿಂದಲೇ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, “ಹಂಗಾದ್ರೆ ಆಗ್ಲಿ ಬುದ್ಧಿ” ಎಂದರು.

ಆ ಮಗಳು ಊರಿನ ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ, ಮುಟ್ಟಿನ ನೋವಿಗೆ ಶಾಲೆ ಬಿಡುವ ಹುಡುಗಿಯರಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಹೇಳತೊಡಗಿದ್ದಾಳೆ. ಕಳೆದ ಅಮಾವಾಸ್ಯೆಗೆ ಒಬ್ಬ ತಾಯಿ ಹದಿನಾಲ್ಕರ ಮಗಳೊಡನೆ ಬಂದು, ಮದುವೆಯಾಗದ ಹುಡುಗಿಯನ್ನು ಹೆರಿಗೆ ಡಾಕ್ಟರ ಹತ್ತಿರ ಕರೆದೊಯ್ದರೆ ಜನ ಏನೆಂದಾರು ಎಂದು ಕೇಳಿದಳು. ಮಠದಲ್ಲಿ ಹೇಳಿದ್ದಾರೆಂದು ಹೇಳು ತಾಯೀ ಎಂದು, ವೈದ್ಯೆಗೆ ಒಂದು ಚೀಟಿ ಬರೆದುಕೊಟ್ಟೆವು. ಹುಡುಗಿಯನ್ನು ನಾವು ಏನೂ ಕೇಳಲಿಲ್ಲ. ಆದರೂ ಆಕೆ ತಾಯಿಯ ಹಿಂದಿನಿಂದ ಮುಂದೆ ಬಂದು, ಎಷ್ಟು ದಿನ ನೋಯುತ್ತದೆ, ಎಲ್ಲಿ ನೋಯುತ್ತದೆ ಎಂಬುದನ್ನು ತಾನೇ ಹೇಳಿದಳು.